ಇಳಿಯುವುದನ್ನು ಯಾರೂ ಹೇಳಿಕೊಡಲಿಲ್ಲ

ನಂದಿ ಬೆಟ್ಟ ಹತ್ತಿ ಬಂದ ಸೈಕಲ್ ಸವಾರರ ಮಾತು ದೇವನಹಳ್ಳಿ ರಸ್ತೆಯ ಯಾವ ಹೋಟೆಲಿನಲ್ಲಿ ಕೇಳಿದರೂ ಒಂದೇ ತರಹ ಇರುತ್ತದೆ. ಇಡ್ಲಿ-ವಡೆ ಮೇಜಿಗೆ ಬರುವ ಮೊದಲೇ ಫೋನುಗಳು ಹೊರಬಂದಿರುತ್ತವೆ. ಯಾರು ಎಷ್ಟು ನಿಮಿಷಕ್ಕೆ ಹತ್ತಿದರು, ಕೊನೆಯ ಕಡಿದಾದ ತಿರುವುಗಳಲ್ಲಿ ಯಾರಿಗೆ ಗೇರ್ ಸಾಲದಾಯಿತು, ಹೋದ ತಿಂಗಳಿಗಿಂತ ಎಷ್ಟು ಸೆಕೆಂಡ್ ಉಳಿಯಿತು. ಅರ್ಧ ಗಂಟೆ ಕೂತರೂ ಇಳಿದ ಬಗ್ಗೆ ಒಬ್ಬರೂ ಬಾಯಿ ಬಿಡುವುದಿಲ್ಲ. ಅದೇ ಮೇಜಿನಲ್ಲಿ ಒಬ್ಬರ ಮೊಣಕೈಗೆ ಹೊಸ ಬ್ಯಾಂಡೇಜು, ಇನ್ನೊಬ್ಬರ ತೊಡೆಯ ಮೇಲೆ ಹಳೆಯ ತರಚು ಗಾಯ. ಕೇಳಿದರೆ "ಇಳೀವಾಗ ಸ್ವಲ್ಪ ಮರಳು ಸಿಕ್ತು" ಎಂದು ಅಲ್ಲಿಗೇ ಮುಗಿಸಿ ಮತ್ತೆ ಹತ್ತಿದ ಕಥೆಗೆ ಹೋಗುತ್ತಾರೆ.

ಇದು ಬಹಳ ದಿನಗಳಿಂದ ನನ್ನನ್ನು ಕೊರೆಯುತ್ತಿದೆ. ನಾವು ಕೆಟ್ಟದಾಗಿ ಬೀಳುವುದು ಬಹುಪಾಲು ಇಳಿಯುವಾಗ. ಏರಿನಲ್ಲಿ ಗಂಟೆಗೆ ಹತ್ತು-ಹನ್ನೆರಡು ಕಿಲೋಮೀಟರ್ ವೇಗದಲ್ಲಿ ತೆವಳುವವರಿಗೆ ಚೈನ್ ಕಳಚಬಹುದು, ಮೀನಖಂಡ ಹಿಡಿದುಕೊಳ್ಳಬಹುದು, ಅಷ್ಟೇ. ಇಳಿಯುವಾಗ ಅದೇ ಸೈಕಲ್ ಕಣ್ಣು ಮಿಟುಕಿಸುವಷ್ಟರಲ್ಲಿ ಐವತ್ತು ದಾಟುತ್ತದೆ. ಆದರೂ ಹತ್ತುವುದಕ್ಕೆ ನಮ್ಮಲ್ಲಿ ತರಬೇತಿ ಇದೆ, ಊಟದ ಲೆಕ್ಕ ಇದೆ, ಹಿಂದಿನ ಚಕ್ರದ ಗೇರ್ ಗೊಂಚಲಿನಲ್ಲಿ, ಅಂದರೆ ಕ್ಯಾಸೆಟ್ಟಿನಲ್ಲಿ, ಎಷ್ಟು ಹಲ್ಲಿರಬೇಕು ಎಂಬ ಮುಗಿಯದ ವಾದ ಇದೆ. ಇಳಿಯುವುದಕ್ಕೆ "ಹುಷಾರಾಗಿ ಬನ್ನಿ" ಎಂಬ ಮಾತು ಬಿಟ್ಟರೆ ಇನ್ನೇನೂ ಇಲ್ಲ. ಹತ್ತಿದ್ದು ನಮ್ಮ ದುಡಿಮೆ, ಇಳಿತ ಅದರ ಜೊತೆ ಪುಕ್ಕಟೆ ಸಿಕ್ಕಿದ್ದು ಅನ್ನುವ ಭಾವನೆ ಎಲ್ಲರಲ್ಲೂ ಬೇರೂರಿದೆ. ನನಗೆ ಈಗೀಗ ಬಲವಾಗಿ ಅನ್ನಿಸುವುದು ಇದು: ಹತ್ತುವುದಕ್ಕೆ ತಾಕತ್ತು ಬೇಕು, ಕಸುಬು ಬೇಕಾಗುವುದು ಇಳಿಯುವುದಕ್ಕೆ. ಆ ಕಸುಬನ್ನು ಡಾಂಬರಿನ ಮೇಲೆ ಕಲಿಯುವುದು ಅಪಾಯ. ಮಣ್ಣಿನಲ್ಲಿ ಕಲಿಯಬಹುದು. ರೋಡ್ ಸೈಕಲಿನವರು ಬೇರೆ, ಎಂಟಿಬಿಯವರು (ಮಣ್ಣುದಾರಿಗೆ ಹೋಗುವ ಮೌಂಟನ್ ಬೈಕಿನವರು) ಬೇರೆ ಎಂದು ನಾವು ಎರಡು ಪಂಗಡವಾಗಿ ಕೂತಿರುವುದರಿಂದ ಒಬ್ಬರ ವಿದ್ಯೆ ಇನ್ನೊಬ್ಬರಿಗೆ ದಾಟುತ್ತಿಲ್ಲ.

ಮುಂದಿನ ಬ್ರೇಕ್

ನನ್ನ ವಯಸ್ಸಿನ ಹೆಚ್ಚಿನವರು ಸೈಕಲ್ ಕಲಿತದ್ದು ಒಳಪೆಡಲ್ ಹೊಡೆದು. ಅಪ್ಪನದೋ ಚಿಕ್ಕಪ್ಪನದೋ ದೊಡ್ಡ ಸೈಕಲ್, ಸೀಟಿನ ಮೇಲೆ ಕೂತರೆ ಪೆಡಲಿಗೆ ಕಾಲು ಎಟುಕದ ಎತ್ತರ, ಹ್ಯಾಂಡಲಿನ ಕೆಳಗೆ ಕಡ್ಡಿ ಬ್ರೇಕು. ಕಲಿಸುವವರು ಹೇಳುತ್ತಿದ್ದದ್ದು ಒಂದೇ ಸೂತ್ರ: "ಮುಂದಿನ ಬ್ರೇಕ್ ಹಿಡೀಬೇಡ, ಪಲ್ಟಿ ಹೊಡೀತೀಯ." ಆ ಸೈಕಲಿಗೆ, ಆ ಮಕ್ಕಳಿಗೆ ಅದು ಸರಿಯಾದ ಬುದ್ಧಿಮಾತೇ. ಆದರೆ ಅದು ನಮ್ಮ ಬೆರಳುಗಳಲ್ಲಿ ಉಳಿದುಬಿಟ್ಟಿದೆ. ನಲವತ್ತು ದಾಟಿದ ಮೇಲೆ ಲಕ್ಷ ರೂಪಾಯಿ ಕೊಟ್ಟು ತಂದ ಸೈಕಲಿನ ಮೇಲೂ ಗಾಬರಿಯಾದ ಕೂಡಲೇ ಹಿಂದಿನ ಬ್ರೇಕನ್ನಷ್ಟೇ ಹಿಸುಕುತ್ತೇವೆ. ಬ್ರೇಕ್ ಹಿಡಿದಾಗ ಮೈಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಹಿಂದಿನ ಚಕ್ರ ಹಗುರಾಗಿ, ನಿಂತುಹೋಗಿ, ಬರೀ ಜಾರುತ್ತದೆ. ನಿಜವಾಗಿ ವೇಗ ಇಳಿಸುವುದು ಮುಂದಿನದೇ. ಸೊಂಟವನ್ನು ಸೀಟಿನ ಹಿಂದಕ್ಕೆ ತಂದು, ಎರಡು ಪೆಡಲನ್ನೂ ಸಮಕ್ಕಿಟ್ಟು, ಬೆರಳನ್ನು ಮೆಲ್ಲಗೆ ಒತ್ತುತ್ತಾ ಹೋದರೆ ಪಲ್ಟಿ ಹೊಡೆಯುವ ಮಾತೇ ಇಲ್ಲ.

ಇನ್ನು ಲೆಕ್ಕ. ನಂದಿಯ ಏರು ಏಳೆಂಟು ಕಿಲೋಮೀಟರಿನಲ್ಲಿ ಸುಮಾರು 450 ಮೀಟರ್ ಎತ್ತರ ಗಳಿಸುತ್ತದೆ. ಸವಾರ, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 80 ಕಿಲೋ ಎಂದುಕೊಂಡರೆ, ಮೇಲೆ ತಲುಪಿದಾಗ ನಮ್ಮಲ್ಲಿ ಕೂಡಿಟ್ಟ ಶಕ್ತಿ 350 ಕಿಲೋಜೂಲಿನ ಆಸುಪಾಸು. ಒಂದು ಲೀಟರ್ ತಣ್ಣೀರನ್ನು ಕುದಿ ಬರಿಸಿ ಇನ್ನೂ ಮಿಗುವಷ್ಟು. ಕೆಳಗಿನ ಕಮಾನಿನ ಹತ್ತಿರ ನಿಲ್ಲುವಷ್ಟರಲ್ಲಿ ಅದೆಲ್ಲ ಎಲ್ಲಿಗಾದರೂ ಹೋಗಲೇಬೇಕು. ಒಂದು ಪಾಲು ಗಾಳಿಯ ತಡೆಗೆ ಹೋಗುತ್ತದೆ, ಉಳಿದದ್ದು ಬ್ರೇಕಿನ ಪ್ಯಾಡಿಗೆ, ರಿಮ್ಮಿಗೆ ಅಥವಾ ಡಿಸ್ಕಿಗೆ. ಮೇಲಿನಿಂದ ಕೆಳಗಿನವರೆಗೂ ಬ್ರೇಕನ್ನು ಬಿಡದೆ ಸವರಿಕೊಂಡು ಬಂದವರ ರಿಮ್ಮಿಗೆ ತಣಿಯಲು ಪುರುಸೊತ್ತೇ ಸಿಗುವುದಿಲ್ಲ. ಅರ್ಧ ದಾರಿಯಲ್ಲಿ ನಿಲ್ಲಿಸಿ ರಿಮ್ಮಿನ ಹತ್ತಿರ ಅಂಗೈ ತಂದರೆ ಬಿಸಿ ತಟ್ಟುತ್ತದೆ. (ಡಿಸ್ಕನ್ನು ದಯವಿಟ್ಟು ಮುಟ್ಟಬೇಡಿ, ಬೆರಳು ಸುಡುತ್ತದೆ.) ಅತಿಯಾಗಿ ಕಾದ ರಿಮ್ಮಿನಲ್ಲಿ ಟ್ಯೂಬ್ ಒಡೆದದ್ದೂ ಉಂಟು. ಸರಿಯಾದ ಕ್ರಮ ಬೇರೆ. ನೇರ ದಾರಿಯಲ್ಲಿ ಬಿಟ್ಟು, ತಿರುವಿಗೆ ಮೊದಲು ಎರಡೂ ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ತಿರುವಿನೊಳಗೆ ಪೂರ್ತಿ ಬಿಡುವುದು. ಹೇಳುವುದು ಸುಲಭ. ತಿರುವು ಎದುರಿಗೆ ಬಂದಾಗ ಬೆರಳು ಬಿಡಲು ಒಪ್ಪುವುದಿಲ್ಲ, ಕಷ್ಟ ಇರುವುದು ಅಲ್ಲೇ. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿರುತ್ತೇವೆ, ಬೆರಳಿಗೆ ಅದು ಗೊತ್ತಿರುವುದಿಲ್ಲ.

ತುರಹಳ್ಳಿಯ ಹುಡುಗ

ನನ್ನ ಬೆರಳಿಗೆ ಅದು ಗೊತ್ತಾದದ್ದು ತುರಹಳ್ಳಿ ಕಾಡಿನಲ್ಲಿ, ಕೆಲವು ವರ್ಷಗಳ ಹಿಂದೆ. ಕನಕಪುರ ರಸ್ತೆ ಕಡೆಯವರಿಗೆ ಆ ಜಾಗದ ವರ್ಣನೆ ಬೇಕಿಲ್ಲ. ನೀಲಗಿರಿ ಮರಗಳು, ಆನೆಬೆನ್ನಿನಂಥ ಬಂಡೆಗಳು, ನಡುವೆ ಸಣ್ಣ ಹರಳುಕಲ್ಲು ತುಂಬಿದ ಕೆಮ್ಮಣ್ಣಿನ ಕಾಲುದಾರಿ. ಗೆಳತಿಯೊಬ್ಬಳ ಎಂಟಿಬಿ ಎರವಲು ತಂದಿದ್ದೆ. ಅಗಲ ಟಯರು, ಗಾಳಿ ಎಷ್ಟು ಕಡಿಮೆಯೆಂದರೆ ಹೆಬ್ಬೆರಳಿನಿಂದ ಒತ್ತಿದರೆ ತಗ್ಗುತ್ತಿತ್ತು. ರೋಡ್ ಸೈಕಲಿಗೆ ಕಲ್ಲಿನ ಹಾಗೆ ಗಾಳಿ ಹೊಡೆಸಿ ಅಭ್ಯಾಸವಿದ್ದ ನನಗೆ ಇದು ಪಂಕ್ಚರ್ ಆದ ಸೈಕಲ್ ಅನ್ನಿಸಿತು. ಆಮೇಲೆ ತಿಳಿಯಿತು, ಗಾಳಿಯ ಒತ್ತಡ ಇಪ್ಪತ್ತೈದು ಪಿಎಸ್‌ಐ ಆಸುಪಾಸಿನಲ್ಲಿರುವ ಆ ಮೆತ್ತನೆಯ ಟಯರೇ ಹರಳುಕಲ್ಲನ್ನು ಅಪ್ಪಿ ಹಿಡಿಯುವುದು.

ಬಂಡೆಯ ಮೇಲಿನಿಂದ ದಾರಿ ಸೊಂಟದೆತ್ತರಕ್ಕೆ ಇಳಿದು ಎಡಕ್ಕೆ ತಿರುಗುವ ಕಡೆ ನಿಂತು ನೋಡುತ್ತಿದ್ದೆ. ಹಿಂದಿನಿಂದ ಒಬ್ಬ ಹುಡುಗ ಬಂದ. ಹದಿನಾರು-ಹದಿನೇಳು ಇರಬಹುದು. ಅವನ ಸೈಕಲಿನ ಬಣ್ಣ ಪೂರ್ತಿ ಹೋಗಿತ್ತು, ಹಿಂದಿನ ಬ್ರೇಕಿನ ಕೇಬಲ್ಲಿಗೆ ಟೇಪು ಸುತ್ತಿತ್ತು. ಚಪ್ಪಲಿ ಹಾಕಿದ್ದ, ಆದರೆ ಹೆಲ್ಮೆಟ್ ಇತ್ತು. "ಅಕ್ಕ, ಹೋಗ್ತೀರಾ, ನಾನು ಹೋಗ್ಲಾ?" ಅಂದ. ನೀನು ಹೋಗು, ನೋಡ್ತೀನಿ ಅಂದೆ. ಹೋದ. ಕೆಳಗಿನಿಂದ ಸೈಕಲ್ ತಳ್ಳಿಕೊಂಡು ವಾಪಸ್ ಹತ್ತಿ ಬಂದ. ನಾನು ಇನ್ನೂ ಅಲ್ಲೇ ನಿಂತಿದ್ದೆ.

"ಏನು ನೋಡ್ತಿದೀರಾ ಅಕ್ಕ?"

"ಆ ಕಲ್ಲು."

"ಕಲ್ಲು ನೋಡಿದ್ರೆ ಕಲ್ಲಿಗೇ ಹೋಗ್ತೀರಾ. ಪಕ್ಕದಲ್ಲಿ ಜಾಗ ಇದೆ ನೋಡಿ, ಕೆಂಪು ಮಣ್ಣು. ಅದನ್ನ ನೋಡಿ. ಅದನ್ನ ದಾಟೋಕೆ ಮುಂಚೆನೇ ಆ ಮರ ನೋಡಿ. ಕಣ್ಣು ಮುಂದೆ ಹೋಗ್ಬೇಕು ಅಕ್ಕ, ಸೈಕಲ್ ಹಿಂದೆ ಬರತ್ತೆ."

ಮೊದಲ ಸಲ ಇಳಿಯುವಾಗ ಕಣ್ಣು ಮತ್ತೆ ಕಲ್ಲಿಗೇ ಓಡಿತು. ಮುಂದಿನ ಚಕ್ರ ಅದರ ಅಂಚನ್ನು ಸವರಿಕೊಂಡೇ ಹೋಯಿತು. ಅವನು ಮೇಲಿಂದ "ಮರ, ಮರ!" ಎಂದು ಕೂಗುತ್ತಿದ್ದ. ಆಮೇಲೆ ಒಂದು ಸಲ ಮರವನ್ನು ನೋಡಿದೆ. ಕಲ್ಲು ಯಾವಾಗ ದಾಟಿತೋ ಗೊತ್ತೇ ಆಗಲಿಲ್ಲ. ಎರಡೂ ಕೈ ಸಡಿಲವಾಗಿದ್ದವು, ಮೊಣಕಾಲು ತಾನಾಗಿ ಮಡಿಚಿ ಕುಲುಕನ್ನು ನುಂಗಿತು, ಬೆರಳು ಬ್ರೇಕಿನ ಮೇಲೆ ಇತ್ತು ಆದರೆ ಒತ್ತಿರಲಿಲ್ಲ. ಅಲ್ಲಿಯವರೆಗೆ ಎಷ್ಟೋ ಇಳಿಜಾರುಗಳನ್ನು ಇಳಿದಿದ್ದೇನೆ. ಇಳಿದದ್ದು ನಾನು ಎಂದು ಮೊದಲ ಬಾರಿಗೆ ಅನ್ನಿಸಿದ್ದು ಆವತ್ತು.

ಮಣ್ಣು ಇದನ್ನು ಕಲಿಸುವುದು ಯಾಕೆ ಸುಲಭ ಅಂದರೆ, ಅಲ್ಲಿ ಜಾರುವುದು ನಿಧಾನಕ್ಕೆ ಆಗುತ್ತದೆ. ಗಂಟೆಗೆ ಹದಿನೈದು ಕಿಲೋಮೀಟರ್ ವೇಗದಲ್ಲೇ ಹಿಂದಿನ ಚಕ್ರ ಅಲುಗಾಡಿ, "ಇಷ್ಟು ಒತ್ತಬೇಡ" ಎಂದು ಹೇಳಿಬಿಡುತ್ತದೆ. ಡಾಂಬರು ಕೊನೆಯವರೆಗೂ ಏನೂ ಹೇಳುವುದಿಲ್ಲ. ಐವತ್ತರ ವೇಗದಲ್ಲಿ ಒಮ್ಮೆಲೇ ಹೇಳುತ್ತದೆ, ಆಗ ಕಲಿಯಲು ಸಮಯ ಇರುವುದಿಲ್ಲ.

ಬೆಟ್ಟದ ಸೈಕಲ್ ಹುಟ್ಟಿದ್ದೇ ಇಳಿಯಲು

ಎಂಟಿಬಿ ಎಂದರೆ ಬೆಟ್ಟ ಹತ್ತುವ ಸೈಕಲ್ ಎಂದು ಅಂಗಡಿಯವರು ಮಾರುತ್ತಾರೆ. ಚರಿತ್ರೆ ಬೇರೆಯೇ ಇದೆ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಫೇರ್‌ಫ್ಯಾಕ್ಸ್ ಊರಿನ ಹತ್ತಿರ ಒಂದಷ್ಟು ಗೆಳೆಯರು 1970ರ ದಶಕದಲ್ಲಿ ಗುಜರಿಯಿಂದ ಹಳೆಯ ದಪ್ಪ ಟಯರಿನ ಸೈಕಲ್ ಎತ್ತಿಕೊಂಡು ಮಣ್ಣುರಸ್ತೆಯಲ್ಲಿ ಇಳಿಯಲು ಶುರು ಮಾಡಿದರು. 1976ರ ಅಕ್ಟೋಬರಿನಲ್ಲಿ ಅದಕ್ಕೊಂದು ಗಡಿಯಾರ ಹಿಡಿದ ಪಂದ್ಯವೂ ಆಯಿತು. ಮೂರು ಕಿಲೋಮೀಟರಿನ ಆಸುಪಾಸಿನಲ್ಲಿ ಸುಮಾರು 400 ಮೀಟರ್ ಇಳಿತ. ನಂದಿಯ ಹೆಚ್ಚುಕಡಿಮೆ ಅಷ್ಟೂ ಇಳಿಜಾರನ್ನು ಅರ್ಧಕ್ಕಿಂತ ಕಡಿಮೆ ದೂರದಲ್ಲಿ ಮಡಿಚಿಟ್ಟ ಹಾಗೆ, ಅದೂ ಮಣ್ಣಿನಲ್ಲಿ. ಆ ಸೈಕಲುಗಳ ಬ್ರೇಕು ಹಿಂದಿನ ಚಕ್ರದ ನಡುವಿನ ಗುಂಬದೊಳಗೆ (ಹಬ್) ಇತ್ತು. ಒಂದು ಸಲ ಇಳಿದರೆ ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸದಾಗಿ ಗ್ರೀಸ್ ತುಂಬಬೇಕಾಗಿದ್ದರಿಂದ ಆ ದಾರಿಗೆ ರೀಪ್ಯಾಕ್, ಅಂದರೆ ಮತ್ತೆ ತುಂಬು, ಎಂಬ ಹೆಸರೇ ಬಂತು. ಅಲ್ಲಿ ಇಳಿಯುತ್ತಿದ್ದ ಜೋ ಬ್ರೀಜ್ 1977ರಲ್ಲಿ ಇದಕ್ಕೆಂದೇ ಹೊಸ ಫ್ರೇಮ್ ಕಟ್ಟಿದ. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಆ ಆಟ ಪದಕದ ಆಟವಾಗಿತ್ತು.

ಅಲ್ಲಿಂದ ವಿದ್ಯೆ ರಸ್ತೆಗೆ ವಾಪಸ್ ಬಂದದ್ದನ್ನು ನಮ್ಮ ಕಣ್ಣೆದುರೇ ನೋಡಿದ್ದೇವೆ. ಟೋಕಿಯೋ ಒಲಿಂಪಿಕ್ಸಿನಲ್ಲಿ ಎಂಟಿಬಿ ಚಿನ್ನ ಗೆದ್ದ ಟಾಮ್ ಪಿಡ್‌ಕಾಕ್ 2022ರ ಟೂರ್ ಡಿ ಫ್ರಾನ್ಸ್‌ನಲ್ಲಿ ಗಾಲಿಬಿಯೆ ಕಣಿವೆಯ ದಾರಿ ಇಳಿದದ್ದು ನೆನಪಿರಬಹುದು. ಮುಂದಿದ್ದವರನ್ನು ಅವನು ಹಿಡಿದದ್ದು ಇಳಿಜಾರಿನಲ್ಲಿ, ಆವತ್ತಿನ ಹಂತವನ್ನು ಗೆದ್ದದ್ದು ಆಲ್ಪ್ ಡ್ಯುಯೆಜ್ ಏರಿನ ಮೇಲೆ. ಅದೇ ವರ್ಷದ ಮಾರ್ಚಿನಲ್ಲಿ ಸ್ಲೊವೇನಿಯಾದ ಮಾತೇಯ್ ಮೊಹೊರಿಚ್ ಇಟಲಿಯ ಮಿಲಾನ್-ಸ್ಯಾನ್‌ರೆಮೊ ರಸ್ತೆ ಪಂದ್ಯ ಗೆದ್ದಾಗ ಅವನ ರೋಡ್ ಸೈಕಲಿನಲ್ಲಿ ಸೀಟನ್ನು ಓಡುತ್ತಲೇ ತಗ್ಗಿಸುವ ಡ್ರಾಪರ್ ಪೋಸ್ಟ್ ಇತ್ತು. ಬೆಟ್ಟದ ಸೈಕಲಿನ ಸಾಮಾನು ಅದು. ಪೋಜಿಯೊ ದಿಬ್ಬ ಇಳಿಯುವಾಗ ಸೀಟು ತಗ್ಗಿಸಿ, ಮೈಯನ್ನು ನೆಲಕ್ಕೆ ಹತ್ತಿರ ತಂದು, ಎಲ್ಲರನ್ನೂ ಹಿಂದೆ ಬಿಟ್ಟ. ಇನ್ನೂರ ತೊಂಬತ್ತು ಕಿಲೋಮೀಟರ್ ದಾಟಿದ ಪಂದ್ಯ ಕೊನೆಯ ಕೆಲವು ಕಿಲೋಮೀಟರಿನ ಇಳಿತದಲ್ಲಿ ತೀರ್ಮಾನವಾಯಿತು.

ಘಾಟಿಯಲ್ಲಿ ಬಯಲುಸೀಮೆ

ನಮ್ಮ ರಾಜ್ಯದಲ್ಲಿ ಸೈಕಲ್ ಪಂದ್ಯದ ನಿಜವಾದ ತವರು ಬೆಂಗಳೂರೂ ಅಲ್ಲ, ಮಲೆನಾಡೂ ಅಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ಬಯಲು. ಅಲ್ಲಿ ಜಾತ್ರೆಗಳಲ್ಲಿ ಸೈಕಲ್ ಶರ್ಯತ್ತು ನಡೆಯುತ್ತದೆ, ಅಲ್ಲಿಂದ ಬಂದ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ಆ ಕಡೆಯ ಒಬ್ಬ ಹುಡುಗ ಒಮ್ಮೆ ನಮ್ಮ ಜೊತೆ ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟಿದ್ದ. ಆಗುಂಬೆಯವರೆಗೆ ಅವನ ಹಿಂದೆ ಗಾಳಿ ಮರೆಯಲ್ಲಿ ಹೋಗುವುದೇ ನಮಗೆ ಸಾಕುಸಾಕಾಗಿತ್ತು. ಮಳೆಗಾಲ ಮುಗಿಯುತ್ತಿದ್ದ ಸಮಯ, ಬೆಳಿಗ್ಗೆ ಒಂದು ಮಳೆ ಸುರಿದು ನಿಂತಿತ್ತು. ಸೂರ್ಯಾಸ್ತ ನೋಡುವ ಕಟ್ಟೆಯ ಹತ್ತಿರ ನಿಂತು ಅವನು ಕೆಳಗೆ ನೋಡಿದ. ಮಂಜು, ಅದರೊಳಗೆ ಮುಳುಗಿ ಏಳುವ ರಸ್ತೆ, ಸೋಮೇಶ್ವರದವರೆಗೆ ಹದಿನಾಲ್ಕು ಹೇರ್‌ಪಿನ್ ತಿರುವು.

"ಅಕ್ಕಾರ, ನಮ್ಮ ಕಡೆ ಗಾಳಿ ಕೂಡ ಗುದ್ದಾಡ್ತೀವ್ರಿ. ಇಲ್ಲಿ ಯಾರ ಕೂಡ ಗುದ್ದಾಡೂದು?"

ಅದಕ್ಕಿಂತ ಚೆನ್ನಾಗಿ ಬಯಲು ಮತ್ತು ಘಾಟಿಯ ವ್ಯತ್ಯಾಸ ಹೇಳಿದವರನ್ನು ನಾನು ಕಾಣೆ. ಗುದ್ದಾಡುವ ಕೆಲಸ ಇಲ್ಲಿ ಇಲ್ಲವೇ ಇಲ್ಲ. ಮೊದಲ ತಿರುವುಗಳನ್ನು ಅವನು ಬ್ರೇಕನ್ನು ಮುಷ್ಟಿಯಲ್ಲಿ ಹಿಡಿದೇ ದಾಟಿದ. ರಿಮ್ ಬ್ರೇಕು, ಒದ್ದೆ ರಿಮ್ಮು. ಹಿಡಿದ ಕೂಡಲೇ ಏನೂ ಆಗುವುದಿಲ್ಲ, ಪ್ಯಾಡು ಮೊದಲು ನೀರನ್ನು ಒರೆಸಬೇಕು, ಆಮೇಲೆ ಹಿಡಿತ ಬರಬೇಕು. ಒಂದು ಅಗಲವಾದ ಜಾಗದಲ್ಲಿ ನಿಂತಾಗ ಅವನ ಅಂಗೈ ಕೆಂಪಾಗಿತ್ತು, ಬೆರಳು ನೆಟ್ಟಗಾಗುತ್ತಿರಲಿಲ್ಲ. ಅಲ್ಲಿ ಕೂತು ತುರಹಳ್ಳಿಯಲ್ಲಿ ನಾನು ಕಲಿತದ್ದನ್ನೇ ಅವನಿಗೆ ಹೇಳಿದೆ. ತಿರುವಿನ ಬಾಯಿ ನೋಡಬೇಡ, ಅದರಾಚೆ ರಸ್ತೆ ಎಲ್ಲಿ ಹೊರಬರುತ್ತದೋ ಅಲ್ಲಿ ನೋಡು. ನೀರು ಒರೆಸಲು ಮೊದಲೇ ಒಮ್ಮೆ ಬ್ರೇಕನ್ನು ಸವರು. ಬೇಕಾದಷ್ಟು ವೇಗವನ್ನು ನೇರದಲ್ಲೇ ಇಳಿಸು. ತಿರುವಿನ ಹೊರಬದಿಯ ಕಾಲು ಕೆಳಗೆ, ಭಾರ ಅದರ ಮೇಲೆ. ಅಂಚಿನ ಪಾಚಿಗೂ ನಡುವೆ ಬಿದ್ದ ಒದ್ದೆ ಎಲೆಗೂ ಹತ್ತಿರ ಹೋಗಬೇಡ. ನಮ್ಮ ಎಡಗಡೆಯ ಸಂಚಾರದಲ್ಲಿ ಎಡ ಹೇರ್‌ಪಿನ್ ಚಿಕ್ಕದು, ಒಳಮೈ ಕಡಿದು, ಅಲ್ಲಿ ನಿಧಾನ. ಬಲ ಹೇರ್‌ಪಿನ್ ಅಗಲ, ಆದರೆ ಮೇಲೆ ಬರುವ ಮಿನಿಬಸ್ಸಿಗೆ ತಿರುಗಲು ಪೂರ್ತಿ ರಸ್ತೆ ಬೇಕು. ಘಾಟಿಯಲ್ಲಿ ಹತ್ತುವ ವಾಹನಕ್ಕೆ ದಾರಿ ಬಿಡುವುದು ಕಾನೂನು ಕೂಡ. ಹಾರ್ನ್ ಕೇಳಿದರೆ ಮೊದಲೇ ನಿಂತುಬಿಡು.

ಸೋಮೇಶ್ವರ ತಲುಪುವ ಹೊತ್ತಿಗೆ ಅವನು ನನಗಿಂತ ಚೆನ್ನಾಗಿ ಇಳಿಯುತ್ತಿದ್ದ. ವರ್ಷಗಟ್ಟಲೆ ಗಾಳಿಯಲ್ಲಿ ಪಳಗಿದ ಮೈ ಅದು, ಹೇಳಿದ್ದನ್ನು ಬೇಗ ಹಿಡಿಯಿತು. ಹೇಳುವವರು ಯಾರೂ ಇರಲಿಲ್ಲ ಅಷ್ಟೇ.

ಗಡಿಯಾರದ ಪ್ರಶ್ನೆ

ಇಳಿತಕ್ಕೂ ಸಮಯ ನೋಡಬೇಕು, ಆಗಲೇ ಜನ ಗಂಭೀರವಾಗಿ ಕಲಿಯುತ್ತಾರೆ ಎಂದು ನಮ್ಮ ಗುಂಪಿನಲ್ಲಿ ಕೆಲವರು ವಾದಿಸುತ್ತಾರೆ. ರೀಪ್ಯಾಕಿನವರು ಗಡಿಯಾರ ಹಿಡಿದಿರಲಿಲ್ಲವೇ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಆ ಮಣ್ಣುರಸ್ತೆಯಲ್ಲಿ ಎದುರಿನಿಂದ ಬಸ್ಸು ಬರುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ನಂದಿಯ ರಸ್ತೆಯಲ್ಲಿ ನಾವು ಇಳಿಯುವ ಹೊತ್ತಿಗೆ ಕಾರು, ಬೈಕು, ಹಿಂದೆ ಕೂತ ಮಕ್ಕಳು ಸಾಲಾಗಿ ಹತ್ತುತ್ತಿರುತ್ತಾರೆ. ಅಲ್ಲಿ ನನ್ನ ಸೆಕೆಂಡಿನ ಬೆಲೆಯನ್ನು ಇನ್ನೊಬ್ಬರು ಕೊಡಬೇಕಾಗಬಹುದು. ಸವಾರರ ಸಮಯ ದಾಖಲಿಸುವ ಸ್ಟ್ರಾವಾ ಆ್ಯಪ್ ಕೂಡ ಅಪಾಯಕಾರಿ ಎಂದು ಗುರುತಿಸಿದ ಇಳಿಜಾರುಗಳಲ್ಲಿ ಯಾರು ಮೊದಲು ಎಂಬ ಪಟ್ಟಿ ತೋರಿಸುವುದಿಲ್ಲ. ವೃತ್ತಿಪರರ ಪಂದ್ಯದಲ್ಲೂ ಫ್ರೇಮಿನ ಮೇಲಿನ ಕೊಳವೆಯ ಮೇಲೆ ಕೂತು ಮುದುಡಿಕೊಂಡು ಇಳಿಯುವುದನ್ನು 2021ರ ಏಪ್ರಿಲಿನಿಂದ ಅಂತಾರಾಷ್ಟ್ರೀಯ ಸೈಕಲ್ ಸಂಸ್ಥೆ ಯುಸಿಐ ನಿಷೇಧಿಸಿದೆ. ಇಳಿತವನ್ನು ಅಳೆಯಲೇಬೇಕೆಂದರೆ ಎಷ್ಟು ಕಡಿಮೆ ಬ್ರೇಕಿನಲ್ಲಿ, ಎಷ್ಟು ಸಮನಾದ ವೇಗದಲ್ಲಿ, ಎಷ್ಟು ಕಡಿಮೆ ದಿಗಿಲಿನಲ್ಲಿ ಇಳಿದೆ ಎಂದು ನೋಡಬೇಕು. ಅದಕ್ಕೆ ಹಿಂದೆ ಬರುವ ಗೆಳೆಯರ ಕಣ್ಣು ಸಾಕು.

ಹಾಗಾದರೆ ಕಲಿಯುವುದೆಲ್ಲಿ? ಬೆಂಗಳೂರಿನ ಸುತ್ತ ಹತ್ತಲು ಬೇಕಾದಷ್ಟು ರಸ್ತೆಗಳಿವೆ. ಕಾಡಿನ ದಾರಿಗಳಲ್ಲಿ ಸೈಕಲ್ ಕಂಡರೆ ಅರಣ್ಯ ಸಿಬ್ಬಂದಿ ಮುಖ ಗಂಟಿಕ್ಕುತ್ತಾರೆ, ಅದರಲ್ಲಿ ನ್ಯಾಯವೂ ಇದೆ. ಹಿಂದಿನ ಚಕ್ರ ನಿಲ್ಲಿಸಿ ಜಾರುತ್ತಾ ಇಳಿಯುವವರು ಮಣ್ಣನ್ನು ಉತ್ತು ಹೋಗುತ್ತಾರೆ, ಮೊದಲ ಮಳೆಗೆ ಅದೇ ಕೊರಕಲಾಗುತ್ತದೆ. ನೆಟ್ಟಗೆ ಇಳಿಯಲು ಬಾರದವರಿಂದಲೇ ಇಳಿಯುವ ಜಾಗವೂ ಹಾಳಾಗುತ್ತಿದೆ.

ಅದಕ್ಕೇ ಈ ಬೇಸಿಗೆಯಲ್ಲಿ ಊರಿನಲ್ಲಿ ಒಂದು ಕೆಲಸ ಹಿಡಿದಿದ್ದೇವೆ. ತೋಟದ ಮೇಲೆ ನಮ್ಮ ಹಕ್ಕಲು ಇದೆ, ಏನೂ ಬೆಳೆಯದ ಕಲ್ಲುಜಾಗ. ಅಣ್ಣನ ಮಕ್ಕಳಿಗೆ ಸೈಕಲ್ ಹುಚ್ಚು. ಮೇಲಿನ ಹಲಸಿನ ಮರದಿಂದ ತೋಟದ ಬೇಲಿಯವರೆಗೆ ಒಂದು ದಾರಿ ಕಡಿಯೋಣ ಎಂದು ಹೊರಟೆವು. ನಾನು ಸುಣ್ಣದ ಪುಡಿಯಲ್ಲಿ ಗೆರೆ ಎಳೆದೆ. ಅಣ್ಣ ಬಂದು ನೋಡಿದ.

"ಹಿಂಗೆ ನೆಟ್ಟಗೆ ಇಳಿಸಿದ್ರೆ ಮಳೆಗಾಲಕ್ಕೆ ಹಳ್ಳ ಆಗ್ತದೆ ಮಾರಾಯ್ತಿ. ನೀರಿಗೆ ನೀನೇ ದಾರಿ ತೋರ್ಸಿಕೊಟ್ಟಂಗೆ. ಮಣ್ಣೆಲ್ಲ ತೋಟಕ್ಕೆ ಬರ್ತದೆ."

ತೋಟದ ಬಸಿಗಾಲುವೆ ತೋಡಿ ತೋಡಿ ಅವನಿಗೆ ನೀರಿನ ಮನಸ್ಸು ಗೊತ್ತು. ಸೈಕಲ್ ದಾರಿ ಕಟ್ಟುವವರ ನಿಯಮವೂ ಅದನ್ನೇ ಹೇಳುತ್ತದೆ. ದಾರಿಯ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದು, ಒಟ್ಟಾರೆ ನೂರಕ್ಕೆ ಹತ್ತರ ಆಸುಪಾಸಿನಲ್ಲಿರಬೇಕು, ಅಲ್ಲಲ್ಲಿ ದಾರಿಯೇ ಸ್ವಲ್ಪ ಮೇಲೇರಿ ನೀರನ್ನು ಪಕ್ಕಕ್ಕೆ ಹೊರಳಿಸಬೇಕು. ಹಳೆಯ ಗೆರೆ ಅಳಿಸಿ ಗುಡ್ಡಕ್ಕೆ ಅಡ್ಡಡ್ಡ ಹಾವಿನಂತೆ ಹೊಸ ಗೆರೆ ಎಳೆದೆವು. ಮಕ್ಕಳು ದರಗು ಸರಿಸಿದರು, ಅಣ್ಣ ಹಾರೆ ಹಿಡಿದು ಕಲ್ಲು ಎಬ್ಬಿಸಿದ. ಮೂರು ತಿರುವು ಆಗಿದೆ. ನಾಲ್ಕನೆಯದು ಬಿದಿರು ಹಿಂಡಿಲಿನ ಪಕ್ಕ ಬರಬೇಕು, ಅಲ್ಲಿ ನಮ್ಮಿಬ್ಬರಿಗೆ ಇನ್ನೂ ಜಗಳ. ತಿರುವಿನ ಹೊರಮೈಯನ್ನು ಎತ್ತರಿಸಿದರೆ ಮಕ್ಕಳಿಗೆ ಬ್ರೇಕ್ ಬಿಟ್ಟು ತಿರುಗುವುದು ಬೇಗ ಬರುತ್ತದೆ ಎಂದು ನಾನು. ಎತ್ತರಿಸಿದರೆ ಒಳಗೆ ನೀರು ನಿಲ್ಲುತ್ತದೆ ಎಂದು ಅವನು. ಕೊನೆಗೆ ಎತ್ತರಿಸುವುದು, ಅದರ ಬುಡದಲ್ಲಿ ಒಂದು ಪಿವಿಸಿ ಪೈಪು ಹೂಳುವುದು ಎಂದು ಒಪ್ಪಂದವಾಗಿದೆ. ಪೈಪು ತೀರ್ಥಹಳ್ಳಿಯಿಂದ ಬರಬೇಕು.